ಒಳಗಿನ ಸೋರಿಕೆ

ಬ್ರೇಕಿನ ಮಾಸ್ಟರ್ ಸಿಲಿಂಡರ್ ಬಿಚ್ಚಿದರೆ ಒಳಗಿನ ಪುಟ್ಟ ರಬ್ಬರ್ ವಾಷರು ಸೀಳಿಹೋಗಿತ್ತು. ಮೆಕ್ಯಾನಿಕ್ ಅದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದ.

ಈ ಹಳೇ ಲಾರಿ ಗೋಡೆಗೆ ಗುದ್ದುವುದಕ್ಕೆ ಒಂದು ವಾರ ಮುಂಚೆ, ಅದನ್ನು ಓಡಿಸುತ್ತಿದ್ದ ತಮ್ಮ ಬಂದು, "ಅಣ್ಣಾ, ಪೆಡಲ್ ಮೆಲ್ಲಗೆ ಇಳಿದುಹೋಗ್ತಿದೆ" ಎಂದಿದ್ದ. ಇವನು ಚಕ್ರಗಳ ಬಳಿ ಬಗ್ಗಿ ನೋಡಿದ್ದ. ನೆಲದ ಮೇಲೆ ಒಂದು ಹನಿ ಆಯಿಲೂ ಇರಲಿಲ್ಲ. "ವಯಸ್ಸಾಗಿರೋದು ನಿನ್ನ ಕಾಲಿಗೆ. ಎರಡು ಸಲ ತುಳಿ" ಎಂದು ನಕ್ಕು ಕಳಿಸಿದ್ದ. ಸೀಳಿದ ವಾಷರಿನ ಸಂದಿಯಿಂದ ಸಿಲಿಂಡರಿನ ಒಳಗೊಳಗೇ ಸೋರುತ್ತಿದ್ದ ಆಯಿಲು ನೆಲಕ್ಕೆ ಹೇಗೆ ಬಿದ್ದೀತು?

ಬಾಗಿಲಲ್ಲಿ, ಆ ಗುದ್ದಿನಲ್ಲಿ ಕಾಲಿಗೆ ಪೆಟ್ಟಾಗಿದ್ದ ತಮ್ಮನ ಊರುಗೋಲಿನ ಸದ್ದಾಯಿತು. "ಇನ್ನೂ ಯಾಕೆ ಕೆದಕ್ತೀಯ, ಬಿಡಣ್ಣಾ. ನನ್ನ ಕಾಲೇ ಸರಿಯಾಗಿ ತುಳೀಲಿಲ್ಲ. ನೀನೇ ಹೇಳಿದ್ದೆಯಲ್ಲ."

ದೇವರ ಮುಂದೆ ನಿಂತವನ ಹಾಗೆ ಅಣ್ಣ ತಲೆ ತಗ್ಗಿಸಿ, ವಾಷರನ್ನು ತಮ್ಮನ ಕೈಗಿಟ್ಟ.

"ನೀನು ತುಳಿದಿದ್ದೆ ಕಣೋ. ನಾನೇ ಒಳಗೆ ನೋಡ್ಲಿಲ್ಲ."