ಮುಳ್ಳುಗಿಡದ ನೆಂಟಸ್ತಿಕೆ

ಮುಳ್ಳು ಚುಚ್ಚಿದರೂ ಇನೆಜ್ ಮರಳಿನಲ್ಲಿ ಬೆಳೆದ ಗಿಡದ ಕೊಂಬೆಯನ್ನು ಬಿಡಲಿಲ್ಲ. “ಲವಿನಾ, ಬೇಗ ಬಾ ಮಗಾ! ಇದು ನಮ್ಮ ಅಲಸಂಡೆಯ ಜಾತಿ!”

“ಮಮ್ಮಾ, ಇಟ್ಸ್ ಜಸ್ಟ್ ಮುಳ್ಳು,” ಎಂದಳು ಏಳು ವರ್ಷದ ಮಗಳು. ಇಂದು ಮೊಂತಿ ಫೆಸ್ತ್, ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸುವ ಹಬ್ಬ. ಇರಾಕಿ ಸೈನ್ಯ ಕುವೈತಿಗೆ ನುಗ್ಗಿದಂದಿನಿಂದ ಅವರಿದ್ದ ಮಂಗಫ್‌ ಪಟ್ಟಣದಲ್ಲಿ ಹೂವಿನಂಗಡಿ ತೆರೆದಿರಲಿಲ್ಲ. ಒಂಬತ್ತು ದಿನದ ಪ್ರಾರ್ಥನೆಗೂ ಲವಿನಾ ಕಾಗದದ ಹೂಗಳನ್ನೇ ಇಟ್ಟಿದ್ದಳು. ಈಗಲೂ ಅವಳ ಬುಟ್ಟಿಯಲ್ಲಿ ಅವೇ ಇದ್ದವು.

ಇನೆಜ್ ಉಗುರಿನಷ್ಟು ಚಿಕ್ಕ ಕೆಂಪು ಹೂವನ್ನು ಬಿಡಿಸಿ ತೋರಿಸಿದಳು. “ನೋಡು, ಮೇಲೆ ಅಗಲ ಎಸಳು, ಬದಿಗೆ ಎರಡು ರೆಕ್ಕೆ, ಕೆಳಗೆ ದೋಣಿ! ಊರಲ್ಲಿ ಅಜ್ಜಿಯ ಅಲಸಂಡೆ ಚಪ್ಪರದಲ್ಲಿ ನೀನು ಕೊಯ್ದ ಹೂ ಇದೇ ನಮೂನೆಯದ್ದಲ್ವಾ?”

ಲವಿನಾ ಹೂವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮರುಕ್ಷಣ ಕಾಗದದ ಹೂಗಳನ್ನೆಲ್ಲ ಮರಳಿಗೆ ಸುರಿದು, ಮುಳ್ಳುಗಳ ನಡುವೆ ಕೈ ಹಾಕಿದಳು.