ಅವ್ವನ ದನಿ ಕತ್ತರಿಸಿದವನು

ಗದಗಿನಲ್ಲಿ ಸುಗಲಾ ಅಂತ ಒಬ್ಬ ಹಾಡುಗಾರ್ತಿ ಇದ್ದಳು...

ಸ್ಟೇಜ್ ಮೇಲೆ ಒಬ್ಬಳೇ. ತಬಲಾ ಇಲ್ಲ, ಹಾರ್ಮೋನಿಯಂ ಪೇಟಿ ಇಲ್ಲ. ರೊಟ್ಟಿ ಬಡಿಯುವ ಸದ್ದು, ಹೊಲಿಗೆ ಮಷೀನಿನ ಸದ್ದು ಎಲ್ಲವನ್ನೂ ಲ್ಯಾಪ್‌ಟಾಪಿಗೆ ತುಂಬಿ ತಾಳ ಮಾಡೋಳು. ಅದರ ಮೇಲೆ ಜನಪದ ಧಾಟಿಯಲ್ಲಿ ತಾನೇ ಕಟ್ಟಿದ ಹಾಡು ಹಾಡೋಳು.

ಅವಳ ತಾಯಿ ಈರವ್ವನಿಗೆ ಲಕ್ವಾ ಹೊಡೆದು ಮಾತು ನಿಂತುಹೋಗಿತ್ತು. ಆದರೆ ವಿಚಿತ್ರ ನೋಡಿ... ರಾಗ ಹಿಡಿದರೆ ಮಾತ್ರ ಬಾಯಿಂದ ಶಬ್ದ ಬರುತ್ತಿತ್ತು!

ಒಂದು ಮಧ್ಯಾಹ್ನ ತನ್ನ ತಲೆ ಬಾಚುತ್ತಿದ್ದ ಮಗಳ ಕೈ ಹಿಡಿದು ಈರವ್ವ ಹಾಡಿದಳು...

"ಮಾತು ಹೋದರ ಹೋಗಲಿ ಸುಗಲಾ... ನಿನ್ನ ಹೆಸರೊಂದು ಉಳದೈತಿ ನಾಲಿಗಿ ಮ್ಯಾಲ..."

ಸುಗಲಾ ಅತ್ತಳು. ಆ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅದರ ಸುತ್ತಲೇ ಒಂದು ಹಾಡು ಕಟ್ಟಿದಳು. ಚೆಂದ ಮಾಡಿಕೊಡು ಅಂತ ಉಮಾಕಾಂತ ಅನ್ನುವವನ ಸ್ಟುಡಿಯೋಗೆ ಕೊಟ್ಟಳು.

ಕೆಲವು ತಿಂಗಳಿಗೆ ಹಾಡು ಹೊರಗೆ ಬಂತು...

ಅದರಲ್ಲಿ ಅವ್ವನ ದನಿಯೇ ಇರಲಿಲ್ಲ! "ಸುಗಲಾ" ಅನ್ನೋ ಕಡೆ "ಗೆಳತಿ" ಅಂತಿತ್ತು. ಬರೆದವನು, ರಾಗ ಹಾಕಿದವನು, ಹಾಡಿದವನು... ಎಲ್ಲಾ ಉಮಾಕಾಂತನೇ.

ಮದುವೆ ಮನೆ, ಆಟೋ, ರೀಲ್ಸ್... ಎಲ್ಲಿ ನೋಡಿದರೂ ಅದೇ ಹಾಡು.

ಸುಗಲಾ ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಒಂದು ವಾಯ್ಸ್ ಮೆಸೇಜ್ ಬಂತು.

"ಆ ಮುದುಕಿ ನರಳೋದನ್ನ ಯಾರ ಕೇಳ್ತಾರವಾ? ನನ್ನ ದನಿ ಬಿದ್ದ ಮ್ಯಾಲ ಅದು ಹಾಡಾತು. ಸುಮ್ನ ಕುಂದ್ರು!"

ಸುಗಲಾ ಅದನ್ನು ಅಳಿಸಲಿಲ್ಲ. ಸಿಟ್ಟು ಆರಬಾರದು ಅಂತ ದಿನಾ ಕೇಳುತ್ತಿದ್ದಳು...

ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಉಮಾಕಾಂತನಿಗೆ ಸನ್ಮಾನ ನಿಗದಿಯಾಯಿತು. ಇವರಿಬ್ಬರ ಜಗಳ ತಿಳಿಯದ ಸಂಘಟಕರು ಸುಗಲಾಳನ್ನೂ ಹಾಡಲು ಕರೆದರು. ಅವಳು ಕೂಡಲೇ ಒಪ್ಪಿಕೊಂಡಳು.

ಸ್ಟೇಜ್ ಮೇಲೆ ಲ್ಯಾಪ್‌ಟಾಪಿನ ಸದ್ದುಗಳನ್ನು ನುಡಿಸುವ ಮಷೀನಿನ ಒಂದು ಬಟನ್‌ಗೆ ಆ ವಾಯ್ಸ್ ಮೆಸೇಜನ್ನು ಹಾಕಿಕೊಂಡಳು. "ಶಾಲು ಹೆಗಲ ಮ್ಯಾಲ ಇರೋವಾಗನ ಇವನ ಹೊಲಸು ನಾಲಿಗಿ ಊರಿಗೆಲ್ಲ ಕೇಳಬೇಕು..." ಅಂತ ಹಲ್ಲು ಕಚ್ಚಿದಳು.

ಆ ಸಂಜೆ ಸಭಾಂಗಣ ತುಂಬಿತ್ತು. ಉಮಾಕಾಂತ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ನಗುತ್ತಾ ಕೂತಿದ್ದ. ಸುಗಲಾ ಬಟನ್ ಮೇಲೆ ಬೆರಳಿಟ್ಟಳು.

ಆಗ ಅದೇ ಸಾಲಿನ ತುದಿಯಲ್ಲಿ ಒಂದು ವೀಲ್‌ಚೇರ್ ಕಂಡಿತು...

ಅವ್ವ!

ನೋಡಿಕೊಳ್ಳಿ ಅಂತ ಸುಗಲಾ ಅವ್ವನನ್ನು ಊರಲ್ಲೇ ಪಕ್ಕದ ಮನೆಯ ಮಮ್ತಾಜ್‌ಬಿ ಹತ್ತಿರ ಬಿಟ್ಟು ಬಂದಿದ್ದಳು. ಆಕೆ ಈರವ್ವನಿಗೆ ಹೊಸ ಸೀರೆ ಉಡಿಸಿ ಕರೆದುಕೊಂಡೇ ಬಂದಿದ್ದಳು! "ನೋಡು, ನಿಮ್ಮವ್ವ" ಅಂತ ಕೈ ಬೀಸುತ್ತಿದ್ದಳು.

ಈ ಮೆಸೇಜ್ ಕೇಳಿಸಿದರೆ ಉಮಾಕಾಂತನ ಮಾನ ಹೋಗುತ್ತೆ, ನಿಜ... ಆದರೆ "ಮುದುಕಿ ನರಳೋದು" ಅನ್ನೋ ಮಾತು ಅವ್ವನ ಕಿವಿಗೂ ಬೀಳುತ್ತಲ್ಲ?

ಸುಗಲಾ ಬೆರಳು ತೆಗೆದಳು. ಬೇರೆ ಬಟನ್ ಒತ್ತಿದಳು.

ಅವ್ವನ ದನಿ... ಕತ್ತರಿಸದೆ, ತಿದ್ದದೆ, ಇದ್ದ ಹಾಗೇ.

"ಮಾತು ಹೋದರ ಹೋಗಲಿ ಸುಗಲಾ..."

"ಇದು ಅದೇ ಹಾಡಲ್ಲೇನು?" ಅಂತ ಜನ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ವೀಲ್‌ಚೇರಿನಿಂದ ಅದೇ ದನಿ, ಅದೇ ನಡುಕ! ಈರವ್ವ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಯಾರೂ ಕೇಳಿರದ ಮುಂದಿನ ಸಾಲುಗಳನ್ನೂ ಹಾಡಿದಳು...

ಗೆಳತಿಯ ಹಾಡು ಅಂದುಕೊಂಡಿದ್ದು ತಾಯಿಯ ಹಾಡು ಅಂತ ಇಡೀ ಸಭೆಗೆ ತಿಳಿಯಿತು. ಒಬ್ಬೊಬ್ಬರೇ ಉಮಾಕಾಂತನ ಕಡೆ ತಿರುಗಿದರು. ಸುಗಲಾನೂ ಕಣ್ಣು ಕೀಳದೆ ಅವನನ್ನೇ ನೋಡಿದಳು. ಅವನೇ ಶಾಲು ತೆಗೆದು ತೊಡೆ ಮೇಲೆ ಇಟ್ಟುಕೊಂಡ.

ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದ. "ತಪ್ಪಾತು ಸುಗಲಾ... ಕ್ಷಮಿಸು."

"ನನ್ನ ಹತ್ರ ಕ್ಷಮೆ ಇಲ್ಲ. ಇದ್ದರ ಅವ್ವನ ಹತ್ರ ಐತಿ, ಕೇಳು."

ಅವನು ಮಂಡಿಯೂರಿದ. ಈರವ್ವ ಅವನನ್ನು ನೋಡಿದಳು. ಆಮೇಲೆ ಮುಖ ತಿರುಗಿಸಿ, ಮಗಳ ಕೈ ಹಿಡಿದು, ಜೋಗುಳದ ಧಾಟಿಯಲ್ಲಿ ಹಾಡಿದಳು...

"ನಡೀ ಮಗಳ... ಮನಿಗೆ ನಡೀ..."

ಮಮ್ತಾಜ್‌ಬಿ ಸೆರಗಿನಿಂದ ಕಣ್ಣೊರೆಸಿಕೊಂಡು ವೀಲ್‌ಚೇರ್ ತಳ್ಳಿದಳು. ಉಮಾಕಾಂತ ಮಂಡಿಯೂರಿದಲ್ಲೇ ಉಳಿದ...

ಸುಳ್ಳಿನ ಮಾನ ತೆಗೆಯಲು ಬೈಗುಳ ಬೇಡ... ಸತ್ಯವನ್ನು ಪೂರ್ತಿ ಕೇಳಿಸಿದರೆ ಸಾಕು.

ಯಾರ ಮೇಲೋ ಎಸೆಯಬೇಕು ಅಂತ ನೀವು ಕೈಯಲ್ಲಿ ಹಿಡಿದಿರೋ ಕಲ್ಲು... ಅದು ಹೋಗುವ ದಾರಿಯಲ್ಲಿ ನಿಮ್ಮವರು ಯಾರು ಕೂತಿದ್ದಾರೆ, ಒಮ್ಮೆ ನೋಡಿದ್ದೀರಾ?