ಐನೂರ ಹದಿನೆಂಟನೆಯ ಜೋಡಣೆ

ಪರದೆಯ ಮೇಲೆ ಐನೂರ ಹದಿನೆಂಟು ಎಂಬ ಸಂಖ್ಯೆ ಬಂದದ್ದೇ ತಡ, ಚೆಸ್ ಕ್ಲಬ್ಬಿನ ಅಧ್ಯಕ್ಷ ಲೆನ್ನಾರ್ಟ್ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. "ಇದು ಲೆಕ್ಕಕ್ಕಿಲ್ಲ. ಇನ್ನೊಮ್ಮೆ ಚೀಟಿ ಎತ್ತೋಣ" ಎಂದ.

"ಯಾಕೆ?" ಎಂದಳು ಎದುರಿಗೆ ಕೂತಿದ್ದ ವಿನೀತಾ.

"ನೋಡು, ಇದು ಮಾಮೂಲು ಜೋಡಣೆಯೇ. ಮೂಲೆಯಲ್ಲಿ ಆನೆ, ಪಕ್ಕದಲ್ಲಿ ಕುದುರೆ, ಆಮೇಲೆ ಒಂಟೆ. ಹೊಸದೇನಿದೆ ಇದರಲ್ಲಿ?"

ಹೊಸದೇನೂ ಇರಲಿಲ್ಲ, ನಿಜ. ಹಿಂದಿನ ಸಾಲಿನ ಕಾಯಿಗಳನ್ನು ಕಂಪ್ಯೂಟರಿನಿಂದ ಚೀಟಿ ಎತ್ತಿದ ಹಾಗೆ ಅದಲು ಬದಲು ಮಾಡಿ, ಇಬ್ಬರಿಗೂ ಒಂದೇ ಥರ ಇಟ್ಟು ಆಡುವ ಚೆಸ್ ಅದು. ಒಟ್ಟು ಒಂಬೈನೂರ ಅರವತ್ತು ಜೋಡಣೆಗಳು. ಅವುಗಳಲ್ಲಿ ಐನೂರ ಹದಿನೆಂಟನೆಯದು, ಜಗತ್ತೆಲ್ಲ ಆಡುವ ಹಳೆಯ ಜೋಡಣೆ. ಇವತ್ತು ಅದೇ ಬಂದು ಕೂತಿತ್ತು.

ವಿನೀತಾಳಿಗೆ ಮೈಯೆಲ್ಲ ಉರಿಯಿತು. ಎಂಜಿನ್ ಕಾರ್ಖಾನೆಯ ಕೆಲಸಕ್ಕೆಂದು ಉಡುಪಿಯಿಂದ ಸ್ವೀಡನ್ನಿನ ಶೋವ್ಡೆಗೆ ಬಂದವಳು ಬಡಾವಣೆಯ ಈ ಕ್ಲಬ್ಬು ಸೇರಿ ಇನ್ನೂ ಐದು ತಿಂಗಳು. ಅಷ್ಟರಲ್ಲಿ ಲೆನ್ನಾರ್ಟನನ್ನು ಆರು ಸಲ ಸೋಲಿಸಿದ್ದಳು. ನಾಳೆಯ ಲೀಗ್ ಪಂದ್ಯದಲ್ಲಿ, ತಂಡದ ಎಲ್ಲರಿಗಿಂತ ಬಲವಾದವರು ಆಡುವ ಮೊದಲ ಬೋರ್ಡಿನಲ್ಲಿ ಕೂರಬೇಕಾದವಳು ಅವಳೇ. ಆದರೆ ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಕೂತವನು ಅವನು. ಹಾಗಾಗಿಯೇ ಕಳೆದ ವಾರ ಫೀಕಾ ಎಂದು ಇಲ್ಲಿನವರು ಕರೆಯುವ ಬಿಡುವಿನ ಹೊತ್ತಿನಲ್ಲಿ, ಕಾಫಿ ಹೀರುತ್ತಾ, ನಯವಾಗಿ ಮಾತು ತೆಗೆದಿದ್ದ: "ನಿಮ್ಮ ಕಡೆಯವರು ಮೊದಲ ಇಪ್ಪತ್ತು ನಡೆ ಉರು ಹೊಡೆದು ಬರುತ್ತೀರಿ. ಮೊದಲ ಬೋರ್ಡು ಯಾರಿಗೆ ಅನ್ನುವುದನ್ನು ಅದಲು ಬದಲಾದ ಜೋಡಣೆಯಲ್ಲಿ ತೀರ್ಮಾನಿಸೋಣ. ಅಲ್ಲಿ ಪುಸ್ತಕ ನಡೆಯುವುದಿಲ್ಲ, ತಲೆ ಮಾತ್ರ."

ಪುಸ್ತಕವಂತೆ! ಕ್ಲಬ್ಬಿನ ಕಪಾಟು ತುಂಬ ಇದ್ದ ಆರಂಭದ ನಡೆಗಳ ಪುಸ್ತಕಗಳೆಲ್ಲ ಅವನು ಕೊಂಡು ಓದಿದವು; ಎಲ್ಲದರ ಮೇಲೂ ಅವನದೇ ಹೆಸರು.

ಅದಲು ಬದಲಿನ ಆ ಆಟದ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಮೊದಲ ನಡೆಯಿಂದಲೇ ತಲೆ ಕೆಡಿಸಿಕೊಳ್ಳುವ ಮಜಾ ಅದರಲ್ಲಿತ್ತು. ಹಳೆಯದರಲ್ಲಿ ಇನ್ನೊಂದು ಮಜಾ: ಎಷ್ಟೋ ತಲೆಮಾರು ತುಳಿದ ದಾರಿಯಲ್ಲೇ ನಡೆದು, ಯಾರೂ ತುಳಿಯದ ಜಾಗಕ್ಕೆ ಬಂದು ನಿಲ್ಲುವುದು. ಎರಡೂ ಚೆಸ್ಸೇ. ಆದರೆ ಅವಳು ಸೋಲುತ್ತಿದ್ದ ಮೊದಲ ತಿಂಗಳಲ್ಲಿ ಈ ಹೊಸ ಆಟದ ಸುದ್ದಿಯನ್ನು ಯಾರೂ ಎತ್ತಿರಲಿಲ್ಲವಲ್ಲ!

"ಚೀಟಿ ಅಂದಮೇಲೆ ಚೀಟಿ. ಬಂದದ್ದನ್ನು ಆಡೋಣ" ಎಂದಳು.

"ಹಾಗಾದರೆ ವೋಟಿಗೆ ಹಾಕೋಣ. ಇಲ್ಲಿ ಎಲ್ಲವನ್ನೂ ಎಲ್ಲರೂ ಸೇರಿ ತೀರ್ಮಾನಿಸುತ್ತೇವೆ" ಎಂದು ಲೆನ್ನಾರ್ಟ್ ನಕ್ಕ. ಸುತ್ತ ನಿಂತಿದ್ದ ಸದಸ್ಯರಲ್ಲಿ ಮತ್ತೆ ಚೀಟಿ ಎತ್ತಬೇಕು ಎನ್ನುವವರ ಕೈಗಳು ಒಂದೊಂದಾಗಿ ಮೇಲೆದ್ದವು. ಕೊನೆಗೆ ಎದ್ದದ್ದು ಯೋಗೀಶನ ಕೈ. ಅವಳ ಆಫೀಸಿನವನು, ಅವಳನ್ನು ಇಲ್ಲಿಗೆ ಕರೆತಂದವನು, ಅಲ್ಲಿ ಅವಳನ್ನು ಬಿಟ್ಟರೆ ಕನ್ನಡ ಬರುತ್ತಿದ್ದ ಒಬ್ಬನೇ ಒಬ್ಬ.

"ಇದು ಸರಿಯಾ ಯೋಗೀಶ್?"

"ಅಡ್ಜಸ್ಟ್ ಮಾಡ್ಕೊಳ್ಳಿ ವಿನೀತಾ. ಒಂದು ಸೀಟ್‌ಗೋಸ್ಕರ ಸುಮ್ನೆ ಇಶ್ಯೂ ಯಾಕೆ? ನಾಳೆ ಇವ್ರ ಜೊತೆನೇ ಇರ್ಬೇಕಲ್ವಾ" ಎಂದ ಅವನು, ಕಾಫಿ ಲೋಟದೊಳಗೆ ನೋಡುತ್ತಾ.

ಅಡ್ಜಸ್ಟ್! ಅದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು. ಲ್ಯಾಪ್‌ಟಾಪ್ ಮುಚ್ಚಿದಳು. ಎದುರಿನ ಬೋರ್ಡಿನ ಮೇಲೆ ಮಾಮೂಲಿನಂತೆ ಜೋಡಿಸಿಟ್ಟಿದ್ದ ತನ್ನ ಹಿಂದಿನ ಸಾಲಿನ ಎಂಟೂ ಬಿಳಿ ಕಾಯಿಗಳನ್ನು ಬಾಚಿ ಲೆನ್ನಾರ್ಟನ ಮುಂದೆ ಸುರಿದಳು.

"ಕಂಪ್ಯೂಟರೂ ಬೇಡ, ವೋಟೂ ಬೇಡ. ನಿಮ್ಮ ಕಾಯಿಗಳು ಇದ್ದಲ್ಲೇ ಇರಲಿ. ನನ್ನವನ್ನು ನೀವೇ ಜೋಡಿಸಿ. ಹೇಗಿಟ್ಟರೆ ನಾನು ಸೋಲುತ್ತೇನೆ ಅನ್ನಿಸುತ್ತದೋ ಹಾಗೆ."

ಅವನು ನಾಚಿಕೊಂಡು ಬೇಡವೆನ್ನುತ್ತಾನೆ ಎಂದು ಎಲ್ಲರೂ ಕಾದರು. ಅವನು ಬೇಡವೆನ್ನಲಿಲ್ಲ. ಅವಳ ರಾಜನನ್ನು ಒಂದು ಮೂಲೆಗೆ ತಳ್ಳಿದ, ರಾಣಿಯನ್ನು ಇನ್ನೊಂದು ಮೂಲೆಗೆ. ಆಮೇಲೆ ಕುದುರೆಯೊಂದನ್ನು ಎತ್ತಿ ಒಂದು ಮನೆಯಲ್ಲಿಟ್ಟ, ತೆಗೆದ, ಪಕ್ಕದ ಮನೆಯಲ್ಲಿಟ್ಟ, ಮತ್ತೆ ತೆಗೆದ. ಐದು ನಿಮಿಷ ಕಳೆದರೂ ಕುದುರೆ ಅವನ ಕೈಯಲ್ಲೇ ಇತ್ತು. ಎಲ್ಲಿಟ್ಟರೆ ಅವಳು ಸೋತಾಳು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.